ಕಟ್ಟು

ಇರ್ವಿನ್ ರಸ್ತೆಯಿಂದ ಒಳಕ್ಕೆ ತಿರುಗಿದರೆ
ಬಲಕ್ಕೆ ಮೂರನೆಯದು ನನ್ನ ಅಂಗಡಿ.
ಬೋರ್ಡಿಲ್ಲ. ಮೈದಾ ಅಂಟಿನ ವಾಸನೆ ಹಿಡಿದು ಬನ್ನಿ.
ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುತ್ತೇನೆ, ಇಲ್ಲದಿದ್ದರೆ
ಜಿರಲೆಗೆ ಲೂಕನೂ ಒಂದೇ, ಲೆಡ್ಜರೂ ಒಂದೇ.

ಊರಿನ ಅರ್ಧ ಸತ್ಯವೇದಗಳ ಬೆನ್ನು ಕಂಡವನು ನಾನು.
ಯಾವ ಪುಟ ಬೆರಳಿನ ಜಿಡ್ಡಿಗೆ ಕಪ್ಪಾಗಿದೆ,
ಯಾವುದು ಪ್ರೆಸ್ಸಿನಿಂದ ಬಂದ ಹಾಗೇ ಇದೆ,
ಯಾರ ಮನೆಯ ಕಾಫಿ ಯೋಬನ ಮೇಲೆ ಚೆಲ್ಲಿತು, ಎಲ್ಲ ಗೊತ್ತು.
ಪುಸ್ತಕದ ಒಳಗನ್ನು ಇಷ್ಟು ಬಲ್ಲವನು
ಚರ್ಚಿನ ಒಳಗೆ ಕಾಲಿಟ್ಟು ಹನ್ನೊಂದು ವರ್ಷ.

ಅಮ್ಮ ತೀರಿಕೊಂಡ ದಿನ
ಮೂರು ವರ್ಷದ ಚಂದಾ ಬಾಕಿ ಅಂತ
ಸಮಾಧಿಯ ಚೀಟಿ ಬರೆಯಲಿಲ್ಲ, ಸಂಜೆ ನಾಲ್ಕರವರೆಗೆ.
ಬರೆದರು ಆಮೇಲೆ. ಅಷ್ಟರಲ್ಲಿ
ಎರಡು ಸಲ ಐಸು ಬದಲಾಯಿಸಿದ್ದೆವು.

ಪೆನ್ನು ಹಿಡಿದಿದ್ದವರು ಖಜಾಂಚಿ ಸತ್ಯಮಿತ್ರ ಮೇಷ್ಟ್ರು.
ಪ್ರತಿ ಡಿಸೆಂಬರಿನಲ್ಲೂ ಹೊಸ್ತಿಲಲ್ಲಿ ನಿಂತು ಕೇಳೋರು:
"ಬಿಟ್ಟುಬಿಡೋದು ಸರಿಯಾ ನೆಹೆಮಿಯ?
ಇಬ್ರಿಯರಿಗೆ ಬರೆದದ್ದು ಓದಿಲ್ಲವಾ?"
"ಓದಿದ್ದೀನಿ ಸಾರ್. ಸೇರಿ ಅಂತಿದೆ.
ಗೋಡೆ ಅಂತಿಲ್ಲ, ಬೆಂಚು ಅಂತಿಲ್ಲ,
ಭಾನುವಾರ ಒಂಬತ್ತೂವರೆ ಅಂತಿಲ್ಲ. ರಸೀದಿ ಅಂತಂತೂ..."
ಇಬ್ಬರೂ ಗೆಲ್ಲುತ್ತಿದ್ದೆವು, ಪ್ರತಿ ವರ್ಷ.

ಅವರ ಹೆಂಡತಿ ಜ್ಞಾನಮಣಿಯಮ್ಮ ವಾದಕ್ಕೆ ಬಂದವರಲ್ಲ.
ಸೋಮವಾರ ಬರೋರು,
ಕೈಚೀಲದಲ್ಲಿ ಕಳಚಿಹೋದ ಹಾಡಿನ ಪುಸ್ತಕ.
"ಹೊಲಿದುಕೊಡಪ್ಪ, ಅವಸರ ಇಲ್ಲ."
ಹೊಲಿಯೋವಷ್ಟು ಹೊತ್ತು ಸ್ಟೂಲಿನ ಮೇಲೆ ಕೂತು
ಯಾರ ಮಗುವಿಗೆ ನಾಯಿಕೆಮ್ಮು, ಯಾರ ಮನೆಗೆ ನಲ್ಲಿ ಬಂತು,
ಆರ್ಗನ್ನಿನ ಎಡಗಡೆ ಪೆಡಲು ಹೇಗೆ ಕಿರುಗುಟ್ಟಿತು.
ಪ್ರಸಂಗದ ಬಗ್ಗೆ ಒಂದು ಮಾತಿಲ್ಲ.
ಹತ್ತು ರೂಪಾಯಿ ಕೊಟ್ಟು ಏಳೋರು.
ಎರಡು ತಿಂಗಳಿಗೆ ಮತ್ತೆ ಅದೇ ಪುಸ್ತಕ, ಮತ್ತೆ ಬಿಚ್ಚಿದ್ದು.

ಸವೆದ ದಾರ ತುದಿಯಲ್ಲಿ ನಾರುನಾರಾಗುತ್ತದೆ.
ಇದು ನೇರ ತುಂಡು. ಕತ್ತರಿಯದು.
ಮೊದಲ ಸಲವೇ ಗೊತ್ತಾಯಿತು.
ಕೇಳಲಿಲ್ಲ. ಹತ್ತು ರೂಪಾಯಿ ತಗೊಂಡೆ.
ಅರವತ್ತು ಸಲಕ್ಕೆ ಕಮ್ಮಿಯಿಲ್ಲ,
ಮಡಿಕೆಯ ತೂತು ಜೇನುಗೂಡಾಗುವವರೆಗೆ.

ಜುಲೈನಲ್ಲಿ ಹೋದರು. ಮಿಷನ್ ಆಸ್ಪತ್ರೆ, ಮೂರೇ ದಿನ.
ನಾನು ಗೇಟಿನ ಈಚೆ ನಿಂತಿದ್ದೆ.

ಮೊನ್ನೆ ಮೇಷ್ಟ್ರು ಬಂದರು, ಆಕೆಯ ಸತ್ಯವೇದವನ್ನು
ಹಳೇ ಟವೆಲಿನಲ್ಲಿ ಸುತ್ತಿಕೊಂಡು.
ಈ ಸಲ ಬಾ ಅನ್ನಲಿಲ್ಲ.
"ನಾನೂ ಹೋಗ್ತಾ ಇಲ್ಲ ಕಣಯ್ಯ," ಅಂದರು.
"ಬೆಂಚು ಉದ್ದ ಆಗಿಬಿಟ್ಟಿದೆ."

ರಾತ್ರಿ ಬಿಚ್ಚಿದೆ. ಇಬ್ರಿಯರಿಗೆ ಬರೆದ ಕಡೆ,
ನಾವಿಬ್ಬರೂ ಜಗ್ಗಾಡಿದ ಅದೇ ಸಾಲಿನ ಎದುರು
ಬಸ್ ಟಿಕೆಟ್ಟುಗಳ ಸಣ್ಣ ಕಂತೆ,
ಹಿಂಬದಿಗೆ ಪೆನ್ಸಿಲಿನಲ್ಲಿ ಹೆಸರು:
ಕೆಸರೆಯ ರೂತಮ್ಮ. ಗಿರಣಿಯ ಯೋನ.
ಕಾಲು ಮುರಿದ ಆ ಹುಡುಗ. ನೆಹೆಮಿಯ. ನೆಹೆಮಿಯ.
ಆಯಾ ಭಾನುವಾರ ಬಾರದವರು.

ಆ ಮಾತು ಬಾರದವರಿಗಲ್ಲ,
ಬಂದು ಕೂತವರಿಗೆ ಹೇಳಿದ್ದು ಅಂತ ಓದಿಕೊಂಡಿದ್ದರೋ ಏನೋ.
ನನಗೇನು ಗೊತ್ತು, ನಾನು ಕಟ್ಟುವವನು.
ಕಟ್ಟಳೆ ನೋಡುವವರು ಬೇರೆ.

ಟಿಕೆಟ್ಟುಗಳನ್ನು ಇದ್ದಲ್ಲೇ ಇಟ್ಟೆ.
ಹೊಸ ಕ್ಯಾಲಿಕೊ, ಮೂಲೆಗೆ ಚರ್ಮ, ಬೆನ್ನಿಗೆ ಆಕೆಯ ಹೆಸರು.
ಕೊನೆಯ ಮಡಿಕೆಯೊಂದಕ್ಕೆ ಗಂಟು ಹಾಕಲಿಲ್ಲ.
ನಲವತ್ತು ವರ್ಷದ ಕಸುಬಿನಲ್ಲಿ ಮೊದಲನೇ ಕಳಪೆ ಕೆಲಸ.
ಒಂದೂವರೆ ತಿಂಗಳು ತಡೆದೀತು, ಆಮೇಲೆ ಬಿಚ್ಚಲೇಬೇಕು,
ಮೇಷ್ಟ್ರು ಟವೆಲು ಹುಡುಕಲೇಬೇಕು.

ಇಬ್ಬರಾದರೂ ಸಾಕು ಅಂತ ಬೇರೆಲ್ಲೋ ಇದೆಯಲ್ಲ,
ಎಲ್ಲರ ಪುಸ್ತಕದಲ್ಲೂ ಆ ಪುಟದ ಅಂಚು ಕಪ್ಪು.
ಸ್ಟೂಲು ಒರೆಸಿಟ್ಟಿದ್ದೇನೆ.
ಹತ್ತು ರೂಪಾಯಿ ಮಾತ್ರ ಬಿಡುವುದಿಲ್ಲ.